ಇಪ್ಪತ್ತೆರಡು ಶ್ರುತಿ, ಇಪ್ಪತ್ತೆರಡು ಎಲೆ: ಎರಡರ ಲೆಕ್ಕ ಒಂದಲ್ಲ

ಸಂಪಾದಕರಿಗೆ ನಮಸ್ಕಾರಗಳು.

ಟ್ಯಾರೋ ಎಲೆಗಳು (ಭವಿಷ್ಯ ನೋಡಲು ಬಿಡಿಸುವ, ಇಸ್ಪೀಟಿನಂಥ ಚಿತ್ರದ ಎಲೆಗಳು), ಸಂಖ್ಯಾಶಾಸ್ತ್ರ, ನಾದ ಮೂರೂ ಒಂದೇ ಮೂಲದಿಂದ ಬಂದವು ಎಂಬ ಅರ್ಥದ ಬರಹವೊಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಮೇಲೆ ಉಡುಪಿ, ಮಂಗಳೂರು ಕಡೆಯ ಸಂಗೀತ ತರಗತಿಗಳಲ್ಲಿ ಅದರದ್ದೇ ಮಾತು. ವಿಷಯ ಚೆಲುವಾದದ್ದು, ಬರೆದವರ ಆಸಕ್ತಿಯೂ ನಿಜವಾದದ್ದು. ಆದರೆ ಅದರಲ್ಲಿರುವ ಕೆಲವು ಮಾತುಗಳನ್ನು ತಿದ್ದದೆ ಬಿಟ್ಟರೆ, ಈಗಷ್ಟೇ ಸರಳೆ, ಜಂಟಿ ವರಸೆ ಹಾಡುತ್ತಿರುವ ಮಕ್ಕಳ ತಲೆಯಲ್ಲಿ ಅವು ಪಾಠವಾಗಿಯೇ ಕೂತುಬಿಡುತ್ತವೆ. ಭರತಮುನಿಯ 22 ಶ್ರುತಿಗಳೇ (ಒಂದು ಷಡ್ಜದಿಂದ ಮೇಲಿನ ಷಡ್ಜದ ತನಕದ ಸೂಕ್ಷ್ಮ ಅಂತರಗಳು) ಟ್ಯಾರೋದ 22 ಮುಖ್ಯ ಎಲೆಗಳು ಎಂಬುದು ಒಂದು. ಒಂದೊಂದು ಎಲೆಗೂ ಹುಟ್ಟಿನಿಂದಲೇ ಒಂದು ಸ್ವರವಿದೆ ಎಂಬುದು ಇನ್ನೊಂದು. ಪೈಥಾಗೊರಸ್ ಕಮ್ಮಾರನ ಸುತ್ತಿಗೆಗಳನ್ನು ತೂಗಿ ಸ್ವರದ ಗುಟ್ಟು ಕಂಡ, 432 ಹರ್ಟ್ಸ್ ಬ್ರಹ್ಮಾಂಡದ ಶ್ರುತಿ ಎಂಬವು ಉಳಿದೆರಡು.

ನನ್ನ ತಕರಾರು ಒಂದೇ. ಸಂಗೀತದಲ್ಲಿ ಸಂಖ್ಯೆ ಎಂದರೆ ಅಳತೆ, ಟ್ಯಾರೋದಲ್ಲಿ ಸಂಖ್ಯೆ ಎಂದರೆ ಸರತಿ. ಅಳತೆ ತಪ್ಪಿದರೆ ಕಿವಿ ಕೂಡಲೇ ಹೇಳುತ್ತದೆ. ಸರತಿ ಬದಲಾದರೆ ಯಾರಾದರೂ ಬಾಯಿಬಿಟ್ಟು ಹೇಳುವ ತನಕ ಗೊತ್ತೇ ಆಗುವುದಿಲ್ಲ. ಫ್ರಾನ್ಸಿನ ಹಳೆಯ ಮಾರ್ಸೆ ಕಟ್ಟಿನಲ್ಲಿ ಎಂಟನೇ ಎಲೆ ಜಸ್ಟಿಸ್, ಹನ್ನೊಂದನೆಯದು ಸ್ಟ್ರೆಂತ್. ಲಂಡನ್ನಿನಲ್ಲಿ 1888ರಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತಪಂಥದವರು ಎಲೆಗಳನ್ನು ರಾಶಿಚಕ್ರಕ್ಕೆ ಹೊಂದಿಸುವಾಗ, ಸಿಂಹದ ಚಿತ್ರವಿರುವ ಸ್ಟ್ರೆಂತ್ ಸಿಂಹರಾಶಿಗೆ, ತಕ್ಕಡಿ ಹಿಡಿದ ಜಸ್ಟಿಸ್ ತುಲಾರಾಶಿಗೆ ಬರಲೆಂದು ಅವೆರಡನ್ನೂ ಅದಲುಬದಲು ಮಾಡಿದರು. ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ, 1909ರಲ್ಲಿ ಪ್ರಕಟವಾದ ರೈಡರ್-ವೇಟ್ ಕಟ್ಟಿನಲ್ಲಿ ಅದೇ ಅಚ್ಚಾಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಕಟ್ಟುಗಳು ಅದೇ ಕ್ರಮದವು. ನೂರು ವರ್ಷಕ್ಕೂ ಮಿಕ್ಕಿ ಜನ ಎರಡೂ ಕ್ರಮದಲ್ಲಿ ಎಲೆ ಬಿಡಿಸುತ್ತಿದ್ದಾರೆ, ಎರಡೂ ಕಡೆ ಅರ್ಥ ಸಿಗುತ್ತಿದೆ. ಈಗ ತಂಬೂರಿಯ ಪಂಚಮದ ತಂತಿಯನ್ನು ಯಾರಿಗೂ ಹೇಳದೆ ಮಧ್ಯಮಕ್ಕೆ ಇಳಿಸಿ ನೋಡಿ. ಹಾಡುವವರು ಒಂದು ಸಾಲು ಮುಗಿಸುವ ಮೊದಲೇ ತಿರುಗಿ ನೋಡುತ್ತಾರೆ.

ಅಳತೆ ಎಂದರೇನು ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮುಕ್ಕಾಲು ಮೀಟರ್ ಉದ್ದದ ಹಲಗೆ, ಒಂದು ಉಕ್ಕಿನ ತಂತಿ, ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ಬಿಗಿ ಮಾಡಲು ಬಿರಡೆ. ತಂತಿಯ ಕೆಳಗೆ ಎರಡು ಕುದುರೆಗಳನ್ನು (ತಂತಿಯನ್ನು ಎತ್ತಿ ಹಿಡಿಯುವ ತುಂಡುಗಳು) ಸರಿಯಾಗಿ 60 ಸೆಂಟಿಮೀಟರ್ ಅಂತರದಲ್ಲಿ ಇಡಿ. ಬಿಡಿ ತಂತಿ ಮೀಟಿದರೆ ಅದು ನಿಮ್ಮ ಷಡ್ಜ. ಮೂರನೇ ಕುದುರೆಯೊಂದನ್ನು ಸರಿಸುತ್ತ ಹೋಗಿ, 48 ಸೆಂ.ಮೀ. ಉಳಿಸಿ ಮೀಟಿದರೆ ಅಂತರ ಗಾಂಧಾರ, 45ಕ್ಕೆ ಶುದ್ಧ ಮಧ್ಯಮ, 40ಕ್ಕೆ ಪಂಚಮ, 30ಕ್ಕೆ ಮೇಲಿನ ಷಡ್ಜ. ಅನುಪಾತದಲ್ಲಿ ಹೇಳುವುದಾದರೆ ಕ್ರಮವಾಗಿ 5:4, 4:3, 3:2, 2:1. ಇಲ್ಲಿ ಎಲ್ಲರೂ ಎಡವುವ ಜಾಗ ಮೂರನೇ ಕುದುರೆಯ ಎತ್ತರ. ಅದು ಉಳಿದೆರಡಕ್ಕಿಂತ ಎತ್ತರವಿದ್ದರೆ ತಂತಿ ಹಿಗ್ಗಿ ಬಿಗಿಯಾಗುತ್ತದೆ, ಪಂಚಮ ಏರಿ ಕೇಳುತ್ತದೆ, ‘ಲೆಕ್ಕ ಸುಳ್ಳು’ ಅನ್ನಿಸುತ್ತದೆ. ತಂತಿಗೆ ಸೋಕುವಷ್ಟೇ ಎತ್ತರ ಸಾಕು. ಬೆರಳಲ್ಲಿ ಒತ್ತಿ ಹಿಡಿದರೂ ಇದೇ ತೊಂದರೆ. ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದ ತಂತಿಯಂತೂ ಬೇಡವೇ ಬೇಡ. ಒಂದು ಕಡೆ ದಪ್ಪ, ಒಂದು ಕಡೆ ಸವೆದ ತಂತಿಯಲ್ಲಿ ಅರ್ಧ ಉದ್ದವೂ ಸರಿಯಾದ ಷಡ್ಜ ಕೊಡುವುದಿಲ್ಲ.

ಇದೇ ಜಾಗದಲ್ಲಿ ಸುತ್ತಿಗೆಯ ಕಥೆಯನ್ನೂ ಮುಗಿಸಬಹುದು. 12, 9, 8, 6 ತೂಕದ ಸುತ್ತಿಗೆಗಳಿಂದ ಪೈಥಾಗೊರಸ್ ಈ ಅನುಪಾತಗಳನ್ನು ಕೇಳಿದ, ಅದೇ ತೂಕಗಳನ್ನು ತಂತಿಗೆ ಕಟ್ಟಿ ಖಚಿತಪಡಿಸಿಕೊಂಡ ಎಂದು ಕಥೆ. ತಂತಿಯ ಕಂಪನ ಭಾರದ ವರ್ಗಮೂಲದಂತೆ ಏರುತ್ತದೆ. ಎರಡು ಪಟ್ಟು ಭಾರ ಕಟ್ಟಿದರೆ 1.414 ಪಟ್ಟು ಕಂಪನ, ಅಂದರೆ ಪ್ರತಿ ಮಧ್ಯಮ. ಮೇಲಿನ ಷಡ್ಜ ಬೇಕಾದರೆ ನಾಲ್ಕು ಪಟ್ಟು ಭಾರ ಬೇಕು, ಪಂಚಮಕ್ಕೆ ಎರಡೂಕಾಲು ಪಟ್ಟು. ಗೆಲಿಲಿಯೋನ ತಂದೆ ವಿನ್ಸೆಂಝೋ ಗೆಲಿಲಿ 16ನೇ ಶತಮಾನದ ಕೊನೆಯಲ್ಲಿ ತಂತಿಗೆ ಭಾರ ಕಟ್ಟಿ ಇದನ್ನು ತೋರಿಸಿದ. ಉದ್ದದ ಲೆಕ್ಕ ಸತ್ಯ, ಸುತ್ತಿಗೆಯ ಲೆಕ್ಕ ಕಥೆ. ಸಾವಿರ ವರ್ಷಕ್ಕೂ ಮಿಕ್ಕಿ ಅದನ್ನು ಹೇಳಿಕೊಂಡು ಬಂದವರು ಭಾರ ಕಟ್ಟಿ ನೋಡಿದಂತಿಲ್ಲ.

ಪೈಥಾಗೊರಸನ ಪಂಥದವರು ಪವಿತ್ರವೆಂದು ನಂಬಿದ ಚಿತ್ರ 1, 2, 3, 4 ಚುಕ್ಕಿಗಳ ನಾಲ್ಕು ಸಾಲಿನ ತ್ರಿಕೋನ. ಕೂಡಿದರೆ 10. ಅದರೊಳಗೆ 2:1, 3:2, 4:3 ಮೂರೂ ಇವೆ. ಟ್ಯಾರೋದ ಚಿಕ್ಕ ಎಲೆಗಳಲ್ಲಿ ನಾಲ್ಕು ಜಾತಿ, ಪ್ರತಿ ಜಾತಿಯಲ್ಲೂ ಒಂದರಿಂದ ಹತ್ತರ ತನಕ ಎಲೆ (ಮೇಲೆ ನಾಲ್ಕು ರಾಜಪರಿವಾರದ ಎಲೆ, ಒಟ್ಟು 56) ಇರುವುದನ್ನು ಈ ತ್ರಿಕೋನದೊಂದಿಗೆ ಜೋಡಿಸುವವರಿದ್ದಾರೆ. ರೂಪಕವಾಗಿ ಅದು ಸುಂದರ, ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ತ್ರಿಕೋನದಲ್ಲಿ ಐದು ಇಲ್ಲ. ಐದು ಇಲ್ಲವೆಂದರೆ 5:4 ಇಲ್ಲ, 5:4 ಇಲ್ಲವೆಂದರೆ ನಮ್ಮ ಅಂತರ ಗಾಂಧಾರವೇ ಇಲ್ಲ. ಪಂಚಮದ ಮೇಲೆ ಪಂಚಮ ಹಾಕಿ ನಾಲ್ಕು ಸಲ ಏರಿ, ಎರಡು ಸ್ಥಾಯಿ ಇಳಿಸಿ ಅವರು ಪಡೆದ ಗಾಂಧಾರ 81:64. ಲೆಕ್ಕಕ್ಕೆ ಸುಲಭವಾಗಲೆಂದು ಷಡ್ಜ 240 ಕಂಪನ ಎಂದಿಟ್ಟುಕೊಳ್ಳಿ. ಶುದ್ಧ ಅನುಪಾತದ ಗಾಂಧಾರ 300, ಪೈಥಾಗೊರಸನ ದಾರಿಯದು 303.75, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವ ಹಾರ್ಮೋನಿಯಂನದು 302.4. ಷಡ್ಜದ ಐದನೇ ಉಪಸ್ವರ (ಮೂಲ ಸ್ವರದ ಜೊತೆ ತಾನೇ ಹುಟ್ಟುವ, ಅದರ ಐದು ಪಟ್ಟು ಕಂಪನದ ಸ್ವರ) 1200ರಲ್ಲಿದೆ. 300ರ ಗಾಂಧಾರದ ನಾಲ್ಕನೇ ಉಪಸ್ವರವೂ 1200, ಎರಡೂ ಒಂದಾಗಿ ನಾದ ಅಲುಗದೆ ನಿಲ್ಲುತ್ತದೆ. ಹಾರ್ಮೋನಿಯಂನಲ್ಲಿ ಅದು 1209.5, ಸೆಕೆಂಡಿಗೆ ಒಂಬತ್ತು ಹತ್ತು ಸಲ ಅಲೆಯಾಟ, ಅಂದರೆ ನಾದ ಏರಿಳಿದು ನಡುಗುವುದು. ಪೈಥಾಗೊರಸನದರಲ್ಲಿ ಸೆಕೆಂಡಿಗೆ 15. ಹಾರ್ಮೋನಿಯಂನ ಪಂಚಮ ಮಾತ್ರ ಸಾಚಾ ಪಂಚಮಕ್ಕೆ ಬಹಳ ಹತ್ತಿರ, ಅಲೆಯಾಟ ಸೆಕೆಂಡಿಗೆ ಒಂದಕ್ಕೂ ಕಮ್ಮಿ. ಭಜನೆಯಲ್ಲಿ ಹಾರ್ಮೋನಿಯಂ ಜೊತೆ ಗಾಂಧಾರದ ಮೇಲೆ ನಿಂತಾಗ ಮಾತ್ರ ಕಿವಿಗೆ ಏನೋ ತರಚಿದಂತಾಗುವುದು, ಪಂಚಮದಲ್ಲಿ ಹಾಗಾಗದಿರುವುದು ಈ ಕಾರಣಕ್ಕೆ.

ತಂಬೂರಿ ಶ್ರುತಿ ಮಾಡುವುದೆಂದರೆ ಈ ಅಲೆಯಾಟವನ್ನು ಒಂದೊಂದಾಗಿ ನಿಲ್ಲಿಸುತ್ತ ಬರುವುದು. ಮೊದಲು ಸಾರಣಿಯನ್ನು ಹಾಡುವವರ ಷಡ್ಜಕ್ಕೆ ತನ್ನಿ. ಅನುಸಾರಣಿಯನ್ನು ಅದರ ಜೊತೆ ಮೀಟುತ್ತ, ಅಲೆ ನಿಧಾನವಾಗಿ ನಿಧಾನವಾಗಿ ನಿಲ್ಲುವ ತನಕ ಬಿರಡೆ ತಿರುಗಿಸಿ. ಆಮೇಲೆ ಮಂದ್ರ, ಕೊನೆಗೆ ಪಂಚಮ. ಬಿರಡೆಯಲ್ಲಿ ಹತ್ತಿರ ತಂದು, ಕೂದಲೆಳೆಯ ವ್ಯತ್ಯಾಸವನ್ನು ಮಣಿ ಸರಿಸಿ ಸರಿಪಡಿಸಿ. ಕುದುರೆಯ ಮೇಲಿನ ಜೀವದ ನೂಲನ್ನು ಹಿಂದೆಮುಂದೆ ಮಾಡುತ್ತ ಹೋದರೆ ಒಂದು ಕಡೆ ನಾದ ತಟ್ಟನೆ ಅರಳುತ್ತದೆ. ಎಲ್ಲವೂ ಕೂಡಿದಾಗ, ಯಾರೂ ಮೀಟದ ಅಂತರ ಗಾಂಧಾರ ಮಂದ್ರದ ತಂತಿಯಿಂದ ತಾನೇ ಎದ್ದು ಕೇಳುತ್ತದೆ. ಅದು ಆ ತಂತಿಯ ಐದನೇ ಉಪಸ್ವರ. ಅದು ಕೇಳದಿದ್ದರೆ ನೂಲಿನ ಜಾಗ ತಪ್ಪಿದೆ, ಇಲ್ಲವೇ ಆಟಿ ತಿಂಗಳ ಮಳೆಗೆ ನೂಲು ತೇವ ಹೀರಿ ಮೆತ್ತಗಾಗಿದೆ. ಹೊಸ ಒಣ ನೂಲು ಹಾಕಿ. ಸಂಗೀತದಲ್ಲಿ ಸಂಖ್ಯೆಯ ರಹಸ್ಯ ಎಂಬುದೊಂದಿದ್ದರೆ ಅದು ಇಷ್ಟು ಹತ್ತಿರದಲ್ಲಿದೆ, ಯಾವ ಪುರಾತನ ಈಜಿಪ್ಟಿಗೂ ಹೋಗಬೇಕಾಗಿಲ್ಲ.

ಇನ್ನು 22ರ ವಿಷಯ. ಭರತನ ನಾಟ್ಯಶಾಸ್ತ್ರದಲ್ಲಿ ಷಡ್ಜಕ್ಕೆ 4, ರಿಷಭಕ್ಕೆ 3, ಗಾಂಧಾರಕ್ಕೆ 2, ಮಧ್ಯಮಕ್ಕೆ 4, ಪಂಚಮಕ್ಕೆ 4, ಧೈವತಕ್ಕೆ 3, ನಿಷಾದಕ್ಕೆ 2 ಶ್ರುತಿ. ಇದು ಎಲ್ಲಿಂದಲೋ ಇಳಿದು ಬಂದ ಪವಿತ್ರ ಸಂಖ್ಯೆಯಲ್ಲ, ಎರಡು ವೀಣೆ ಇಟ್ಟುಕೊಂಡು ಮಾಡುವ ಪ್ರಯೋಗದ ಫಲ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಹಾಗೇ ಬಿಡುವುದು (ಅದು ಧ್ರುವವೀಣೆ), ಇನ್ನೊಂದನ್ನು ಒಂದೊಂದು ಶ್ರುತಿಯಂತೆ ನಾಲ್ಕು ಸಲ ಇಳಿಸುವುದು (ಅದು ಚಲವೀಣೆ). ಎರಡನೇ ಇಳಿಕೆಗೆ ಚಲವೀಣೆಯ ಗ, ನಿ ಸ್ವರಗಳು ಧ್ರುವವೀಣೆಯ ರಿ, ಧ ಸ್ವರಗಳಲ್ಲಿ ಸೇರುತ್ತವೆ. ಮೂರನೆಯದಕ್ಕೆ ರಿ, ಧ ಹೋಗಿ ಸ, ಪ ಸೇರುತ್ತವೆ. ನಾಲ್ಕನೆಯದಕ್ಕೆ ಸ, ಮ, ಪ ಮೂರೂ ನಿ, ಗ, ಮ ಗಳನ್ನು ಸೇರುತ್ತವೆ. ಎರಡು ಶ್ರುತಿಯ ಸ್ವರ ಎರಡು, ಮೂರರವು ಎರಡು, ನಾಲ್ಕರವು ಮೂರು: 4, 6, 12, ಒಟ್ಟು 22. ಸ್ವರ ಸ್ವರದಲ್ಲಿ ಸೇರಿತೋ ಇಲ್ಲವೋ ಎಂದು ಹೇಳುವುದು ಮತ್ತೆ ಕಿವಿಯೇ.

ಟ್ಯಾರೋದ 22 ಬಂದ ದಾರಿ ಪೂರ್ತಿ ಬೇರೆ. 1440ರ ಹೊತ್ತಿಗೆ ಇಟಲಿಯಲ್ಲಿ ಮಾಮೂಲಿ ಇಸ್ಪೀಟು ಕಟ್ಟಿಗೆ ಚಿತ್ರದ ಎಲೆಗಳ ಇನ್ನೊಂದು ವರಸೆ ಸೇರಿಸಿ ಆಡತೊಡಗಿದರು. ಅವು ತುರುಫಿನ ಎಲೆಗಳು, ಉಳಿದೆಲ್ಲ ಜಾತಿಗಳನ್ನು ಹೊಡೆಯುವಂಥವು. ಕೈಯಿಂದ ಬರೆದ ಆರಂಭದ ಎಲೆಗಳ ಮೇಲೆ ಸಂಖ್ಯೆಯೇ ಇರಲಿಲ್ಲ. ಯಾವುದು ಯಾವುದನ್ನು ಹೊಡೆಯುತ್ತದೆ ಎಂಬ ಕ್ರಮ ಊರಿಂದ ಊರಿಗೆ ಬೇರೆ ಇತ್ತು. 21 ತುರುಫು ಮತ್ತು ಒಂದು ಫೂಲ್ ಸೇರಿ 22 ಎಂಬುದು ನಿಂತದ್ದು ಆಟದ ರೂಢಿಯಿಂದ. ಫ್ಲಾರೆನ್ಸಿನ ಮಿಂಕಿಯಾಟೆ ಎಂಬ ಅದರ ಸೋದರ ಆಟದಲ್ಲಿ ತುರುಫು 40, ಒಟ್ಟು ಎಲೆ 97. ಈಜಿಪ್ಟಿನ ಮಾತು ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1781ರಲ್ಲಿ, ಕೂರ್ ದ ಜೆಬೆಲಿನ್ ಬರೆದ ಗ್ರಂಥದಲ್ಲಿ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಯಾರೂ ಇರಲಿಲ್ಲ. ಶಾಂಪೋಲಿಯೋನ್ ಅದನ್ನು ಬಿಡಿಸಿದ್ದು 1822ರಲ್ಲಿ, ಟ್ಯಾರೋದ ಸುದ್ದಿ ಅಲ್ಲಿ ಎಲ್ಲೂ ಸಿಗಲಿಲ್ಲ. 22 ಎಲೆಗಳನ್ನು ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ವ್ಯವಸ್ಥಿತವಾಗಿ ಜೋಡಿಸಿದ್ದು 1850ರ ದಶಕದಲ್ಲಿ ಫ್ರಾನ್ಸಿನ ಗೂಢವಿದ್ಯೆಯ ಬರಹಗಾರ ಎಲಿಫಾಸ್ ಲೆವಿ. ಅಂದರೆ ಈ ಸಂಬಂಧಗಳೆಲ್ಲ ಕಟ್ಟಿದವು, ಕಟ್ಟಿದ ಇಸವಿಯೂ ಗೊತ್ತಿರುವಂಥವು. ಇದರಿಂದ ಟ್ಯಾರೋದ ಮರ್ಯಾದೆ ಕಮ್ಮಿಯಾಗುವುದಿಲ್ಲ. ಯಕ್ಷಗಾನದ ಬಣ್ಣಗಾರಿಕೆಯನ್ನೂ ಮನುಷ್ಯರೇ ಕಟ್ಟಿದ್ದಲ್ಲವೇ?

ಹೀಬ್ರೂ ಸಂಪ್ರದಾಯದಲ್ಲಿ ಆ 22 ಅಕ್ಷರಗಳು 3, 7, 12 ಎಂದು ಮೂರು ಗುಂಪು. ಗೋಲ್ಡನ್ ಡಾನ್‌ನವರು ಮೂರಕ್ಕೆ ಪಂಚಭೂತಗಳಲ್ಲಿ ಮೂರನ್ನು (ಗಾಳಿ, ನೀರು, ಬೆಂಕಿ), ಏಳಕ್ಕೆ ಗ್ರಹಗಳನ್ನು, ಹನ್ನೆರಡಕ್ಕೆ ರಾಶಿಗಳನ್ನು ಕೊಟ್ಟರು. ನಮ್ಮಲ್ಲಿ ಸ್ಥಾಯಿ 3, ಸ್ವರ 7, ಸ್ವರಸ್ಥಾನ 12. ಕೂಡಿದರೆ ಇಲ್ಲೂ 22! ಇಂಥದ್ದು ಕಂಡಾಗ ಮೈ ಜುಮ್ಮೆನ್ನುವುದು ಸಹಜ. ಆದರೆ ಹನ್ನೆರಡು ಸ್ವರಸ್ಥಾನದೊಳಗೆ ಏಳು ಸ್ವರ ಆಗಲೇ ಸೇರಿವೆ, ಅವೆರಡನ್ನೂ ಕೂಡಿಸಿದರೆ ಒಂದೇ ಮನೆಯವರನ್ನು ಎರಡು ಸಲ ಎಣಿಸಿದಂತೆ. 3, 7, 12 ಸಣ್ಣ ಸಂಖ್ಯೆಗಳು. ತಿಂಗಳು, ವಾರ, ಲೋಕ, ಋಷಿ ಎಂದು ಎಲ್ಲಿ ಕೈ ಹಾಕಿದರೂ ಸಿಗುತ್ತವೆ.

ಒಂದೊಂದು ಎಲೆಗೆ ಒಂದೊಂದು ಸ್ವರ ಎಂಬ ಪಟ್ಟಿ ಬಂದದ್ದೂ ಇದೇ ಜೋಡಣೆಯಿಂದ. ಗೋಲ್ಡನ್ ಡಾನ್ ಬಣ್ಣಗಳ ಕ್ರಮವನ್ನು ಸ್ವರಕ್ಕೆ ಹೊಂದಿಸಿ ಅಮೆರಿಕದ ಪಾಲ್ ಫಾಸ್ಟರ್ ಕೇಸ್ ಕಲಿಸಿದ ಪಟ್ಟಿಯೇ ಈಗ ಎಲ್ಲ ಕಡೆ ಓಡಾಡುತ್ತಿರುವುದು. ಅದನ್ನು ನಮ್ಮ ಭಾಗವತರು, ಭಜನೆಯವರು ಹೇಳುವ, ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ-ಕಪ್ಪು ಮನೆಗಳ ಲೆಕ್ಕದಲ್ಲಿ ಬರೆದರೆ ಹೀಗೆ: ಮೇಷದಿಂದ ಮೀನದ ತನಕ, ಎಂಪರರ್ ಬಿಳಿ ಒಂದು, ಹೈರೋಫಂಟ್ ಕಪ್ಪು ಒಂದು, ಲವರ್ಸ್ ಬಿಳಿ ಎರಡು, ಚಾರಿಯಟ್ ಕಪ್ಪು ಎರಡು, ಸ್ಟ್ರೆಂತ್ ಬಿಳಿ ಮೂರು, ಹರ್ಮಿಟ್ ಬಿಳಿ ನಾಲ್ಕು, ಜಸ್ಟಿಸ್ ಕಪ್ಪು ಮೂರು, ಡೆತ್ ಬಿಳಿ ಐದು, ಟೆಂಪರೆನ್ಸ್ ಕಪ್ಪು ನಾಲ್ಕು, ಡೆವಿಲ್ ಬಿಳಿ ಆರು, ಸ್ಟಾರ್ ಕಪ್ಪು ಐದು, ಮೂನ್ ಬಿಳಿ ಏಳು. ಹನ್ನೆರಡು ಮನೆ ಇಲ್ಲಿಗೆ ಮುಗಿಯಿತು, ಹತ್ತು ಎಲೆ ಇನ್ನೂ ಉಳಿದಿವೆ. ಹಾಗಾಗಿ ಗ್ರಹ ಮತ್ತು ಭೂತಗಳ ಎಲೆಗಳು ಇರುವ ಮನೆಗಳಲ್ಲೇ ಮತ್ತೆ ಕೂರುತ್ತವೆ. ಟವರ್ ಮತ್ತು ಜಡ್ಜ್‌ಮೆಂಟ್ ಎಂಪರರ್ ಜೊತೆ ಬಿಳಿ ಒಂದರಲ್ಲಿ, ಮೆಜಿಷಿಯನ್ ಮತ್ತು ಫೂಲ್ ಬಿಳಿ ಮೂರರಲ್ಲಿ, ಹೈ ಪ್ರೀಸ್ಟೆಸ್ ಮತ್ತು ಹ್ಯಾಂಗ್ಡ್ ಮ್ಯಾನ್ ಕಪ್ಪು ನಾಲ್ಕರಲ್ಲಿ, ಸನ್ ಬಿಳಿ ಎರಡರಲ್ಲಿ, ಎಂಪ್ರೆಸ್ ಕಪ್ಪು ಮೂರರಲ್ಲಿ, ವರ್ಲ್ಡ್ ಬಿಳಿ ಆರರಲ್ಲಿ, ವೀಲ್ ಆಫ್ ಫಾರ್ಚ್ಯೂನ್ ಕಪ್ಪು ಐದರಲ್ಲಿ.

ಪಟ್ಟಿಯನ್ನು ಪೆಟ್ಟಿಗೆಯ ಮೇಲೆ ನುಡಿಸಿ ನೋಡಿದರೆ ಎಲೆಯ ಅರ್ಥಕ್ಕೂ ಸ್ವರದ ಸ್ನೇಹಕ್ಕೂ ಹೊಂದಿಕೆ ಇಲ್ಲದ್ದು ತಿಳಿಯುತ್ತದೆ. ಎಂಪರರ್, ಸ್ಟ್ರೆಂತ್, ಡೆತ್ ಮೂರನ್ನೂ ಒಟ್ಟಿಗೆ ಒತ್ತಿ: ಸ-ಗ-ಪ, ಇಗರ್ಜಿಯ ಗಾಯನವೃಂದದಲ್ಲಿ ಕೇಳುವ ಅತ್ಯಂತ ತುಂಬಿದ ಮೇಳ. ಟವರ್ ಮತ್ತು ಡೆತ್, ಎರಡೂ ಓದುವವರನ್ನು ಬೆಚ್ಚಿಸುವ ಎಲೆಗಳು, ಕೂಡಿದರೆ ಷಡ್ಜ-ಪಂಚಮ. ಸಮತೋಲದ ಎಲೆಯಾದ ಟೆಂಪರೆನ್ಸನ್ನು ಪ್ರೀತಿಯ ಎಲೆಯಾದ ಲವರ್ಸ್ ಜೊತೆ ಒತ್ತಿದರೆ ನಡುವೆ ಆರು ಮನೆ ಅಂತರ, ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ಇರುವಷ್ಟು, ನಿಲ್ಲಲಾರದ ಜೋಡಿ. ಗಾಳಿ, ನೀರು, ಬೆಂಕಿಯ ಮೂರು ಎಲೆಗಳಂತೂ ಬಿಳಿ ಮೂರು, ಕಪ್ಪು ನಾಲ್ಕು, ಬಿಳಿ ಒಂದು. ಸ್ಥಾಯಿಯನ್ನು ಸಮವಾಗಿ ಮೂರು ಪಾಲು ಮಾಡುತ್ತವೆ. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಅದೇ ಜಿಗಿತವನ್ನು ಶುದ್ಧವಾದ 5:4ರಲ್ಲಿ ಮೂರು ಸಲ ಹಾಡಿದರೆ 125:64ಕ್ಕೆ ಬಂದು ನಿಲ್ಲುತ್ತೇವೆ. ಮೇಲಿನ ಷಡ್ಜ ಇನ್ನೂ 41 ಸೆಂಟ್ ದೂರ (ಒಂದು ಸ್ಥಾಯಿ 1200 ಸೆಂಟ್). ಕಾಲು ಸ್ವರಕ್ಕೆ ಸ್ವಲ್ಪವೇ ಕಮ್ಮಿ, ಯಾವ ಕಿವಿಗೂ ಕೇಳುವಷ್ಟು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ಪಟ್ಟಿ ಸ್ವರಕ್ಕೆ ಖಾಯಂ ಎತ್ತರ ಇದೆ ಎಂದು ನಂಬುವ ಸಂಗೀತದ್ದು. ನಮ್ಮಲ್ಲಿ ಷಡ್ಜ ಹಾಡುವವರ ಕಂಠದ್ದು. ಒಬ್ಬ ಭಾಗವತರಿಗೆ ಕಪ್ಪು ಎರಡು, ಇನ್ನೊಬ್ಬರಿಗೆ ಬಿಳಿ ನಾಲ್ಕು. ಮದ್ದಳೆ ಕೂಡ ಅವರವರ ಶ್ರುತಿಗೇ ಕೂಡಬೇಕು. ಬಿಳಿ ನಾಲ್ಕರಲ್ಲಿ ಹಾಡುವವರಿಗೆ ಎಂಪರರ್ ಎಲೆಯ ಬಿಳಿ ಒಂದು ಷಡ್ಜವಲ್ಲ, ಪಂಚಮ. ಮೇಲಾಗಿ, ಲೆವಿ ಫೂಲ್ ಎಲೆಯನ್ನು ಕೊನೆಯ ಎಲೆಗಿಂತ ಒಂದು ಸ್ಥಾನ ಹಿಂದೆ ಇಟ್ಟಿದ್ದ, ಗೋಲ್ಡನ್ ಡಾನ್‌ನವರು ಎಲ್ಲಕ್ಕೂ ಮೊದಲಿಗೆ ತಂದರು. ಆ ಒಂದು ಎಲೆ ಸರಿದಾಗ, ಅದಲುಬದಲಾದ ಸ್ಟ್ರೆಂತ್, ಜಸ್ಟಿಸ್ ಬಿಟ್ಟು, ಮೆಜಿಷಿಯನ್‌ನಿಂದ ಜಡ್ಜ್‌ಮೆಂಟ್ ತನಕ ಸಾಲಾಗಿ ಎಲ್ಲ ಎಲೆಗಳ ಅಕ್ಷರವೂ ಒಂದೊಂದು ಸ್ಥಾನ ಜಾರಿತು. ಅಕ್ಷರ ಜಾರಿದರೆ ರಾಶಿ ಜಾರುತ್ತದೆ, ರಾಶಿ ಜಾರಿದರೆ ಸ್ವರವೂ ಜಾರುತ್ತದೆ.

ಹೆಸರಿಗೆ ಸಂಖ್ಯೆ ಹಚ್ಚುವ ಪದ್ಧತಿ ನಮ್ಮ ಸಂಗೀತದಲ್ಲೂ ಇದೆ, ಆ ಬರಹದಲ್ಲಿ ಅದರ ಸುದ್ದಿಯೇ ಇಲ್ಲದ್ದು ಬೇಸರದ ಸಂಗತಿ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿಯಲ್ಲಿ ಖ ಎಂದರೆ 2, ರ ಎಂದರೆ 2, ಆದ್ದರಿಂದ 72 ಮೂಲರಾಗಗಳ ಪಟ್ಟಿಯಲ್ಲಿ ಖರಹರಪ್ರಿಯ 22ನೇ ಮೇಳಕರ್ತ. ಈ 22 ಬರೀ ಸರತಿಯೂ ಅಲ್ಲ. 36ರ ಒಳಗಿದೆ, ಹಾಗಾಗಿ ಶುದ್ಧ ಮಧ್ಯಮ. ಆರಾರರಂತೆ ಎಣಿಸಿದರೆ ನಾಲ್ಕನೇ ಚಕ್ರ, ಆದ್ದರಿಂದ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ. ಚಕ್ರದೊಳಗೂ ನಾಲ್ಕನೆಯದು, ಹಾಗಾಗಿ ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಸಂಖ್ಯೆ ಹೇಳಿದರೆ ಸಾಕು, ರಾಗದ ಸ್ವರಗಳೆಲ್ಲ ಕೈಗೆ ಬರುತ್ತವೆ. ಚಕ್ರಗಳ ಹೆಸರಲ್ಲೇ ಸಂಖ್ಯಾಸಂಕೇತ ಇದೆ: ಇಂದು ಒಂದು, ನೇತ್ರ ಎರಡು, ಅಗ್ನಿ ಮೂರು, ವೇದ ನಾಲ್ಕು, ಮನ್ಮಥನ ಬಾಣ ಐದು, ಹೀಗೆ ಹನ್ನೆರಡನೆಯ ಆದಿತ್ಯನ ತನಕ. ಶಂಕರಾಭರಣ ಎಂದಷ್ಟೇ ಹೇಳಿದರೆ ಶ 5, ಕ 1, ಬಲದಿಂದ ಎಡಕ್ಕೆ ಓದಿದರೆ 15. ಅದು ಮಾಯಾಮಾಳವಗೌಳದ ಸ್ಥಾನ. ಅದಕ್ಕೇ ಮುಂದೆ ‘ಧೀರ’ ಸೇರಿಸಿ 29 ಮಾಡಿದರು. ಕಲ್ಯಾಣಿಗೆ ‘ಮೇಚ’ ಸೇರಿದ್ದೂ 65 ಬರಲೆಂದೇ. ಹೆಸರು ತಿದ್ದುವ ಈಗಿನ ಸಂಖ್ಯಾಶಾಸ್ತ್ರಿಗಳ ಕೆಲಸದಂತೆಯೇ ಕಾಣುತ್ತದೆ, ಆದರೆ ಧೀರ ಸೇರಿದ್ದರಿಂದ ಶಂಕರಾಭರಣದ ಅದೃಷ್ಟ ಖುಲಾಯಿಸಿತು ಎಂದು ಯಾವ ವಿದ್ವಾಂಸರೂ ಹೇಳಿದ್ದಿಲ್ಲ. ಅದು ನೆನಪಿಗೆ ಕಟ್ಟಿದ ಗಂಟು.

ಇಂಗ್ಲಿಷ್ ಅಕ್ಷರದ ಸಂಖ್ಯಾಶಾಸ್ತ್ರದಲ್ಲಿ ಏನಾಗುತ್ತದೆಂಬುದಕ್ಕೆ ನಮ್ಮ ಪಕ್ಕದ ಮಂಗಳೂರೇ ಉದಾಹರಣೆ. ಎ ಇಂದ ಐ ತನಕ 1ರಿಂದ 9, ಜೆ ಇಂದ ಮತ್ತೆ 1 ಎಂಬ ಕೋಷ್ಟಕದಲ್ಲಿ ಹಳೆಯ ‘ಮ್ಯಾಂಗಲೋರ್’ 41, ಅಂದರೆ 5. 2014ರ ನವೆಂಬರ್ 1ರಿಂದ ಅಧಿಕೃತವಾದ ‘ಮಂಗಳೂರು’ 36, ಅಂದರೆ 9. ತುಳುವಿನ ಕುಡ್ಲ 13, ಅಂದರೆ 4. ಕೊಂಕಣಿಯ ಕೊಡಿಯಾಲ್ 25, ಅಂದರೆ 7. ಕಾಲ್ಡಿಯನ್ ಎಂಬ ಇನ್ನೊಂದು ಕೋಷ್ಟಕ ಹಿಡಿದರೆ ಹಳೆಯ ಹೆಸರೂ 31, ಹೊಸ ಹೆಸರೂ 31. ಹೆಸರು ಬದಲಿಸಿದ್ದರಿಂದ ಏನೂ ಬದಲಾಗಲಿಲ್ಲ ಎಂದು ಒಂದು ಕೋಷ್ಟಕ, ಎಲ್ಲ ಬದಲಾಯಿತು ಎಂದು ಇನ್ನೊಂದು. ಊರು ಅದೇ, ನೇತ್ರಾವತಿ ಅದೇ.

ಜನ್ಮದಿನದಿಂದ ಟ್ಯಾರೋ ಎಲೆ ತೆಗೆಯುವವರೂ ಲೆಕ್ಕದ ಕ್ರಮ ಹೇಳುವುದಿಲ್ಲ. ದೇಶದ ಸ್ವಾತಂತ್ರ್ಯದ ದಿನವನ್ನೇ ತೆಗೆದುಕೊಳ್ಳಿ, 15-8-1947. ದಿನ, ತಿಂಗಳು, ಇಸವಿ ಕೂಡಿದರೆ 1970, ಅದರ ಅಂಕಿ ಕೂಡಿದರೆ 17: ಸ್ಟಾರ್. ಎಲ್ಲ ಅಂಕಿಗಳನ್ನು ಬಿಡಿಬಿಡಿಯಾಗಿ ಕೂಡಿದರೆ 35, ಅದು 22 ಮೀರಿತು, ಮತ್ತೆ ಕೂಡಿ 8: ರೈಡರ್-ವೇಟ್ ಕಟ್ಟಿನಲ್ಲಿ ಸ್ಟ್ರೆಂತ್, ಮಾರ್ಸೆ ಕಟ್ಟಿನಲ್ಲಿ ಜಸ್ಟಿಸ್. ಒಂದೇ ದಿನಕ್ಕೆ ಮೂರು ಎಲೆ. ಕಾರಣ ಸರಳ. ಅಂಕಿ ಕೂಡುವುದೆಂದರೆ ಒಂಬತ್ತರಿಂದ ಭಾಗಿಸಿ ಶೇಷ ಹಿಡಿಯುವುದು, ಹಾಗಾಗಿ ಕೊನೆಯ ಒಂದಂಕಿ ಯಾವ ದಾರಿಯಲ್ಲೂ ಎಂಟೇ. ನಡುದಾರಿಯಲ್ಲಿ 22ರ ಬೇಲಿ ಹಾಕಿದಾಗ ಮಾತ್ರ ಒಬ್ಬರು ಹದಿನೇಳರಲ್ಲಿ ನಿಲ್ಲುತ್ತಾರೆ, ಇನ್ನೊಬ್ಬರು ಎಂಟಕ್ಕೆ ಇಳಿಯುತ್ತಾರೆ. ಶೇಷದ ಲೆಕ್ಕ ಕರಾವಳಿಗೆ ಹೊಸದೂ ಅಲ್ಲ. ಅಷ್ಟಮಂಗಲ ಪ್ರಶ್ನೆಯಲ್ಲಿ 108 ಕವಡೆಗಳನ್ನು ಮೂರು ಪಾಲು ಮಾಡಿ ಎಂಟೆಂಟಾಗಿ ಕಳೆಯುತ್ತಾರೆ. 108ನ್ನು ಎಂಟರಿಂದ ಭಾಗಿಸಿದರೆ 4 ಉಳಿಯುವುದರಿಂದ, ಪೂರ್ತಿ ಕಳೆದುಹೋದಲ್ಲಿ ಎಂಟೆಂದು ಹಿಡಿದರೆ, ಮೂರು ಶೇಷಗಳ ಮೊತ್ತ 4, 12 ಅಥವಾ 20 ಮಾತ್ರ ಆಗಬಲ್ಲದು. ಎಣಿಸುವಾಗ ಬೇರೆ ಮೊತ್ತ ಬಂದರೆ ಕವಡೆ ತಪ್ಪಿದೆ ಎಂದೇ ಅರ್ಥ. ತನ್ನ ತಪ್ಪನ್ನು ತಾನೇ ಹಿಡಿಯುವ ಇಂಥ ಗುಣ ಜನ್ಮದಿನದ ಲೆಕ್ಕದಲ್ಲಿ ಇಲ್ಲ.

432ರ ಬಗ್ಗೆ ಹೆಚ್ಚು ಬೇಡ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ, ಸೆಕೆಂಡು ಮನುಷ್ಯ ಇಟ್ಟ ಅಳತೆ. ಕಲಿಯುಗದ 4,32,000 ವರ್ಷದಲ್ಲೂ ಅದೇ ಅಂಕಿಗಳಿವೆ ಎಂದರೆ, ವರ್ಷ ಬೇರೆ, ಸೆಕೆಂಡು ಬೇರೆ. ತಂಬೂರಿಯನ್ನು 432ರ ಅಳತೆಗೆ ಕೂಡಿಸಿದರೂ 440ರದಕ್ಕೆ ಕೂಡಿಸಿದರೂ ಷಡ್ಜ-ಪಂಚಮ 3:2 ಆಗಿಯೇ ಇರಬೇಕು. ಎರಡರ ನಡುವಿನ ಅಂತರ 32 ಸೆಂಟ್, ಅರ್ಧ ಮನೆಗೂ ಕಮ್ಮಿ. ಗಂಟಲಿಗೆ ಯಾವುದು ಹಿತವೋ ಅದು.

ಎಲೆ ಬಿಡಿಸುವಾಗ ತಂಬೂರಿ ನುಡಿಸಬಾರದೆಂದು ನಾನು ಹೇಳುತ್ತಿಲ್ಲ. ಹಾಗೆ ಮಾಡುವವರು ಕೇಳುವವರ ಕಂಠದ ಷಡ್ಜ ಹಿಡಿದು, ಎಲೆಗೆ ಹೊಂದುವ ಭಾವದ ರಾಗವನ್ನು ತಮ್ಮ ವಿವೇಕದಿಂದ ಆರಿಸಿ, ಇದು ನಮ್ಮ ಆಯ್ಕೆ ಎಂದು ಹೇಳಿಕೊಂಡು ನುಡಿಸಲಿ. ಪತ್ರಿಕೆಯಲ್ಲಿ ಇಂಥ ಬರಹ ಬರುವಾಗ ಮೂರು ವಿವರ ಇರಬೇಕೆಂದು ಕೇಳಿಕೊಳ್ಳುತ್ತೇನೆ: ಎಲೆ ಯಾವ ಕಟ್ಟಿನದು, ಸಂಖ್ಯೆ ತೆಗೆದ ಕ್ರಮ ಯಾವುದು, ಸ್ವರ ಹೇಳಿದರೆ ಷಡ್ಜ ಎಲ್ಲಿಟ್ಟು ಹೇಳಿದ್ದು. ಇಂತಿಂಥ ಎಲೆಯ ಸ್ವರ ಕೇಳಿದರೆ ರಕ್ತದೊತ್ತಡ ಇಳಿಯುತ್ತದೆ, ಮಾತ್ರೆ ಬೇಕಾಗಿಲ್ಲ ಎಂಬ ಸಾಲುಗಳನ್ನು ದಯವಿಟ್ಟು ಅಚ್ಚು ಹಾಕಬೇಡಿ. ಓದಿ ಮಾತ್ರೆ ಬಿಡುವ ಹಿರಿಯರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಮತ್ತೆ, ಆ ದಿನದ ಪುಟದಲ್ಲಿ ಎಂಟನೇ ಸಂಖ್ಯೆಯ ಕೆಳಗೆ ಹಾಕಿದ ಚಿತ್ರ ತಕ್ಕಡಿ ಹಿಡಿದ ಜಸ್ಟಿಸ್ ಎಲೆಯದು, ಪಕ್ಕದ ವಿವರಣೆ ಸಿಂಹದ ಬಾಯಿ ಮುಚ್ಚುತ್ತಿರುವ ಹೆಂಗಸಿನದು. ಅದೊಂದನ್ನಾದರೂ ಬರುವ ಭಾನುವಾರ ತಿದ್ದಿ ಪ್ರಕಟಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಸಂಗೀತ ಶಿಕ್ಷಕ, ಉಡುಪಿ